ಬಾಯಿಬಡುಕ ಸುಮ್ಮನಾದ ಬೆಳಿಗ್ಗೆ

ಬೇರೆ ದಿನವಾಗಿದ್ದರೆ ಪುಟ್ಟಿ ಕೂತಲ್ಲಿಂದಲೇ ಒಂದು ಕೂಗು ಹಾಕುತ್ತಿದ್ದಳು. "ಅಮ್ಮಾ, ಬಾಯಿಬಡುಕ ಸುಮ್ನಾಗ್ಬಿಟ್ಟ, ಬಂದು ಒಂಚೂರು ಓದು!" ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದು, ಕಂಪ್ಯೂಟರಿನ ಪರದೆಯನ್ನು ಮೇಲಿನ ಮೂಲೆಯಿಂದ ಕೆಳಗಿನ ಮೂಲೆಯವರೆಗೆ, ಬೇಕಾದ್ದು ಬೇಡದ್ದು ಒಂದನ್ನೂ ಬಿಡದೆ ಓದಿ ಹೇಳುತ್ತಿದ್ದಳು. ಇವತ್ತು ಆ ಕೂಗು ಗಂಟಲವರೆಗೆ ಬಂದು ಅಲ್ಲೇ ನಿಂತಿತು. ಅಮ್ಮ ತೀರಿಕೊಂಡು ಇನ್ನೂ ಹದಿನೈದು ದಿನ ಕಳೆದಿರಲಿಲ್ಲ. ಮನಸ್ಸಿಗೆ ಅದು ಗೊತ್ತಿತ್ತು, ಬಾಯಿಗೆ ಮಾತ್ರ ಇನ್ನೂ ಅಭ್ಯಾಸವಾಗಿರಲಿಲ್ಲ.

ಪುಟ್ಟಿ ಎಂದರೆ ಎಳೆ ಹುಡುಗಿ ಎಂದುಕೊಳ್ಳಬೇಡಿ. ನಲವತ್ತು ದಾಟಿದ ಹೆಂಗಸು. ಹುಟ್ಟಿದಾಗಿನಿಂದ ಕಣ್ಣು ಕಾಣದು. ಸಭೆಗಳ ಧ್ವನಿಮುದ್ರಣ ಕೇಳಿ ಟೈಪ್ ಮಾಡಿ ಕಳಿಸುವುದು ಅವಳ ಕೆಲಸ. ದೊಡ್ಡ ದೊಡ್ಡ ಮನುಷ್ಯರು ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬಿದ್ದು ಕಿರುಚಾಡಿದ್ದನ್ನೂ ಯಾರದು ಯಾವ ಮಾತು ಎಂದು ಬಿಡಿಸಿ ಬರೆಯುವುದರಲ್ಲಿ ಅವಳದು ಪಳಗಿದ ಕೈ. ಅವಳು ಒತ್ತಿದ ಪ್ರತಿ ಅಕ್ಷರವನ್ನೂ, ಪರದೆಯ ಮೇಲಿನ ಪ್ರತಿ ಸಾಲನ್ನೂ ಕಂಪ್ಯೂಟರು ಗಟ್ಟಿಯಾಗಿ ಓದಿ ಹೇಳುತ್ತದೆ. ಆ ಧ್ವನಿಗೆ ಅಮ್ಮ ಇಟ್ಟ ಹೆಸರು ಬಾಯಿಬಡುಕ. ಪುಟ್ಟಿ ಅವನನ್ನು ಓಡಿಸುವ ವೇಗಕ್ಕೆ ಬೇರೆಯವರ ಕಿವಿಗೆ ಅದು ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಕುಲುಕಿದ ಹಾಗೆ ಕೇಳುತ್ತಿತ್ತು. ಅವಳಿಗೆ ಮಾತ್ರ ಒಂದಕ್ಷರವೂ ತಪ್ಪುತ್ತಿರಲಿಲ್ಲ. ಅವನು ಬಾಯಿ ಮುಚ್ಚಿದನೆಂದರೆ ಕಂಪ್ಯೂಟರು ಅವಳ ಪಾಲಿಗೆ ಬರೀ ಹಲಗೆ.

ಬಾಯಿ ಮುಚ್ಚುವುದಕ್ಕೆ ಅವನಿಗೆ ಇವತ್ತೇ ಆಗಬೇಕಿತ್ತೇ!

ನಿನ್ನೆ ಊಟಕ್ಕೆ ಕೂತಾಗ ಅಣ್ಣ ವಿಷಯ ಎತ್ತಿದ್ದ. ಅವನು ಹೆಂಡತಿಯೊಂದಿಗೆ ಇರುವುದು ಬೇರೆ ಊರಿನಲ್ಲಿ. ಅಮ್ಮನ ತಿಥಿಯ ಕೆಲಸಗಳೆಲ್ಲ ಮುಗಿದಿದ್ದವು, ಇವತ್ತು ಸಂಜೆ ಹೊರಡಬೇಕು. "ನೀನೂ ನಮ್ಜೊತೆ ಬಂದ್ಬಿಡು ಪುಟ್ಟಿ. ಹಿಂದಿನ ರೂಮು ಖಾಲಿ ಮಾಡಿಸ್ತೀನಿ. ಈ ಮನೇಲಿ ಒಬ್ಳೇ ಇದ್ದು ಏನ್ಮಾಡ್ತೀಯ?" ಎಂದ. ಕೆಲಸ ಇದೆಯಲ್ಲ ಎಂದು ಅವಳು ಗೊಣಗಿದ್ದಕ್ಕೆ ತಟ್ಟನೆ ಕೇಳಿದ, "ಕೆಲಸ ಸರಿ. ಆ ಪೆಟ್ಟಿಗೆ ಒಂದಿನ ಸದ್ದಿಲ್ಲದೆ ಕೂತ್ರೆ? ಅಮ್ಮ ಇದ್ಲು, ಓದಿ ಹೇಳ್ತಿದ್ಲು. ಇನ್ಮೇಲೆ ಯಾರನ್ನ ಕರೀತೀಯ?"

ಪುಟ್ಟಿ ತಟ್ಟೆಯಲ್ಲಿ ಬೆರಳಾಡಿಸುತ್ತ "ನೋಡೋಣ ಅಣ್ಣ" ಎಂದಷ್ಟೇ ಹೇಳಿದ್ದಳು. ಇಷ್ಟು ವರ್ಷ ಕಿವಿ, ಕಾಲು, ಬೆರಳಿನಿಂದ ಕಲಿತ ಮನೆ ಇದು. ಯಾವ ಬಾಗಿಲು ಎಷ್ಟು ಕಿರುಗುಟ್ಟುತ್ತದೆ, ಮೆಟ್ಟಿಲ ಮೇಲೆ ಬರುತ್ತಿರುವವರು ಯಾರು, ಬೀದಿ ದಾಟಿದರೆ ಅಂಗಡಿಯ ಫ್ರಿಜ್ಜಿನ ಗೊರಗೊರ ಯಾವ ಕಡೆಯಿಂದ, ಎಲ್ಲ ಅವಳಿಗೆ ಬಾಯಿಪಾಠ. ಅಣ್ಣನ ಮನೆಯಲ್ಲಿ ಅವಳು ಗೋಡೆ ಹಿಡಿದುಕೊಂಡು ಓಡಾಡಬೇಕು. "ನಾ ಬರಲ್ಲ" ಎಂದು ಎದೆಯೊಳಗೆ ಸಾವಿರ ಸಲ ಹೇಳಿಕೊಂಡಿದ್ದಳು, ಬಾಯಿಂದ ಮಾತ್ರ ಹೊರಡಲಿಲ್ಲ.

ಅದಕ್ಕೆ ಕಾರಣವೂ ಇತ್ತು. ಈ ಮನೆಯ ರೂಢಿಯೇ ಹಾಗೆ. ಅಣ್ಣನಿಗೆ ಏನೇ ಹೇಳಬೇಕಾದರೂ ಪುಟ್ಟಿ ಅಮ್ಮನಿಗೆ ಹೇಳುತ್ತಿದ್ದಳು, ಅಮ್ಮ ಅವನಿಗೆ ದಾಟಿಸುತ್ತಿದ್ದಳು. ಅಣ್ಣನೂ ಅಷ್ಟೇ. "ಪುಟ್ಟಿ ಹುಷಾರಾಗಿದ್ದಾಳಾ ಕೇಳು" ಎಂದು ಫೋನಿನಲ್ಲಿ ಅಮ್ಮನಿಗೆ ಹೇಳುವನು, ಪುಟ್ಟಿ ಪಕ್ಕದಲ್ಲೇ ಕೂತಿರುವಳು! ಜಗಳವಿಲ್ಲ, ಮುನಿಸಿಲ್ಲ. ಅಪ್ಪ ಹೋದ ಮೇಲೆ ಅಣ್ಣ ಸಣ್ಣ ವಯಸ್ಸಿಗೇ ಅಪ್ಪನ ಜಾಗದಲ್ಲಿ ಕೂತುಬಿಟ್ಟಿದ್ದ, ಅಪ್ಪನ ಜಾಗದಲ್ಲಿ ಕೂತವರ ಜೊತೆ ನೇರ ಮಾತು ಅವಳಿಗೆ ಬರುತ್ತಿರಲಿಲ್ಲ. ಈಗ ನಡುವೆ ನಿಂತು ದಾಟಿಸುತ್ತಿದ್ದವಳೇ ಇಲ್ಲ.

ಅಣ್ಣ ಬೆಳಿಗ್ಗೆಯೇ ಯಾವುದೋ ಕಚೇರಿ ಕೆಲಸಕ್ಕೆ ಹೊರಟುಹೋಗಿದ್ದ. ಅತ್ತಿಗೆ ಅಮ್ಮನ ಕೋಣೆಯಲ್ಲಿದ್ದಳು. ಅತ್ತಿಗೆಗೆ ಒರೆಸುವ ಹುಚ್ಚು. ಐದು ನಿಮಿಷ ಅಲ್ಲಾಡದೆ ನಿಂತರೆ ನಿಮ್ಮನ್ನೂ ಒರೆಸಿ ಕಪಾಟಿನಲ್ಲಿಡುವ ಪೈಕಿ. ಬೆಳಗಾದಾಗಿನಿಂದ ಅಮ್ಮನ ಬಟ್ಟೆ, ಔಷಧಿ, ಕನ್ನಡಕ ಎಲ್ಲವನ್ನೂ ತೆಗೆದು, ಕೊಡವಿ, ಒರೆಸಿ, ಮಡಚಿ ಇಡುತ್ತಿದ್ದಳು. ಒಬ್ಬೊಬ್ಬರು ಒಂದೊಂದು ರೀತಿ ಅಳುತ್ತಾರೆ. ಆದರೆ ಆ ಡ್ರಾಯರಿನ ಸದ್ದು ಕೇಳಿದಾಗಲೆಲ್ಲ ಪುಟ್ಟಿಗೆ ತನ್ನನ್ನೂ ಹೀಗೇ ಮಡಚಿ ಗಂಟು ಕಟ್ಟುತ್ತಿದ್ದಾರೆ ಅನ್ನಿಸುತ್ತಿತ್ತು.

ಇಂಥ ಹೊತ್ತಿನಲ್ಲಿ ಅವಳು ಕಂಪ್ಯೂಟರಿನ ಗುಂಡಿ ಒತ್ತಿದಳು. ಪೆಟ್ಟಿಗೆಯೊಳಗಿನ ಫ್ಯಾನು ತಿರುಗಿತು. ಎಂದಿನಂತೆ ಬಾಯಿಬಡುಕ ತನ್ನ ಬೆಳಗಿನ ಸ್ವಾಗತವನ್ನು ಉಸಿರು ಬಿಡದೆ ಒದರಬೇಕು. ಇಲ್ಲ. ಒಂದು ಅಕ್ಷರ ಒತ್ತಿದಳು. ಇಲ್ಲ. ಟೈಪ್ ಮಾಡಿ ಮುಗಿಸಿದ್ದ ಕೆಲಸ ಒಳಗೇ ಇದೆ, ಒಂದು ಸಲ ಕೇಳಿ ತಿದ್ದಿ ಸಂಜೆಯೊಳಗೆ ಕಳಿಸಬೇಕು. ಅಮ್ಮನ ಸಾವೆಂದು ಕಚೇರಿಯವರು ಬಿಟ್ಟ ದಿನಗಳು ಮುಗಿದಿದ್ದವು.

"ಪುಟ್ಟಿ, ಇವತ್ತು ಎಷ್ಟು ಶಾಂತವಾಗಿದೆಯಲ್ಲ ಮನೆ," ಎಂದಳು ಅತ್ತಿಗೆ ಒಳಗಿನಿಂದ. "ನಿನ್ನ ಆ ಬಾಯಿಬಡುಕನಿಗೆ ರಜಾನಾ?"

"ಸದ್ದು ಕಮ್ಮಿ ಇಟ್ಕೊಂಡಿದ್ದೀನಿ ಅತ್ತಿಗೆ."

ಸುಳ್ಳು ಎಷ್ಟು ಸಲೀಸಾಗಿ ಬಂತು! ಸುಳ್ಳಿಗೆ ತಕ್ಕ ಹಾಗೆ ಪುಟ್ಟಿ ಸುಮ್ಮಸುಮ್ಮನೆ ಕೀಲಿಗಳನ್ನು ಟಕಟಕ ಒತ್ತತೊಡಗಿದಳು, ಕೆಲಸ ನಡೆಯುತ್ತಿದೆ ಎಂದು ಒಳಗಿನವಳಿಗೆ ಕೇಳಿಸಲಿ ಅಂತ. ಅಣ್ಣ ಬರುವುದರೊಳಗೆ ಇದನ್ನು ಸರಿಮಾಡಿಬಿಟ್ಟರೆ ಅವನ ಪ್ರಶ್ನೆಗೆ ಉತ್ತರ ಸಿಕ್ಕಿದ ಹಾಗೆ. ಮಾಡಲಾಗದಿದ್ದರೆ ಬೇರೆ ಮಾತೇ ಬೇಡ, ಗಂಟು ಕಟ್ಟುವುದೇ.

ಮೊದಲು ಕರೆಂಟು. ಸ್ಪೀಕರಿನ ಅಡಾಪ್ಟರ್ ಮುಟ್ಟಿದಳು, ಬೆಚ್ಚಗಿತ್ತು. ಅಂದರೆ ಕರೆಂಟು ಬರುತ್ತಿದೆ. ಸ್ಪೀಕರಿನ ತಿರುಗುಗುಂಡಿ ತಿರುಗಿಸಿದಳು. ಹಳೆಯ ಗುಂಡಿ, ಪೂರ್ತಿ ತಿರುಗಿಸಿದರೆ ಕರಕರ ಅನ್ನುವುದು ಅದರ ರೋಗ. ಅಂದಿತು. ಪ್ರಾಣವಿದೆ. ಮೇಜಿನ ಹಿಂದೆ ಕೈಹಾಕಿ ಸ್ಪೀಕರಿನ ತಂತಿ ಹಿಡಿದು ಕಂಪ್ಯೂಟರಿನವರೆಗೂ ಹೋದಳು. ಮೂರು ತೂತು, ನಡುವಿನದರಲ್ಲಿ ಪಿನ್ನು ಗಟ್ಟಿಯಾಗಿ ಕೂತಿದೆ. ಅತ್ತಿಗೆ ಒರೆಸುವಾಗ ಎಳೆದಿರಬಹುದು ಎಂದು ಮನಸ್ಸಿನಲ್ಲೇ ಬೈದುಕೊಂಡಿದ್ದಳು, ಪಾಪ, ಎಳೆದಿರಲಿಲ್ಲ.

ಪಿನ್ನು ಕಿತ್ತು ಅದರ ತುದಿಗೆ ಬೆರಳು ತಗುಲಿಸಿದಳು. ಸ್ಪೀಕರು ಸರಿಯಿದ್ದರೆ ಮನುಷ್ಯರ ಬೆರಳು ಮುಟ್ಟಿದಾಗ ಗೊರ್ ಅನ್ನಬೇಕು. ಗುಂಡಿ ಪೂರ್ತಿ ತಿರುಗಿಸಿಟ್ಟದ್ದು ಮರೆತೇಹೋಗಿತ್ತು. ಗೊರ್ರ್ರ್ ಎಂದು ಇಡೀ ಮನೆ ನಡುಗಿತು.

"ಅಯ್ಯೋ! ಏನದು?"

"ಏನಿಲ್ಲ ಅತ್ತಿಗೆ, ಕೈ ತಗುಲ್ತು."

ಪುಟ್ಟಿಗೆ ಮಾತ್ರ ಒಂದು ಸಮಾಧಾನವಾಯಿತು. ಸ್ಪೀಕರಿನ ತಪ್ಪಲ್ಲ. ತಂತಿಯದೂ ಅಲ್ಲ. ಪಿನ್ನಿನ ಜಾಗಕ್ಕೆ ಕಿವಿಗೆ ಹಾಕುವ ಹೆಡ್‌ಫೋನ್ ಚುಚ್ಚಿ ನೋಡಿದಳು, ಅದರಲ್ಲೂ ಮೌನ. ಅದನ್ನು ಕಿತ್ತು ಸ್ಪೀಕರಿನ ಪಿನ್ನನ್ನೇ ಮತ್ತೆ ಚುಚ್ಚಿದಳು. ಹಾಗಾದರೆ ಸದ್ದು ಕಂಪ್ಯೂಟರಿನಿಂದಲೇ ಹೊರಗೆ ಬರುತ್ತಿಲ್ಲ. ಸದ್ದು ಏರಿಸುವ ಕೀಲಿಯನ್ನು ಒತ್ತಿ ಒತ್ತಿ ಬೆರಳು ನೋಯಿತು. ಸದ್ದಡಗಿಸುವ ಕೀಲಿಯದು ಬೇರೆ ಪೀಡೆ. ಒಂದು ಸಲ ಒತ್ತಿದರೆ ಬಾಯಿ ಮುಚ್ಚುತ್ತದೆ, ಇನ್ನೊಂದು ಸಲ ಒತ್ತಿದರೆ ತೆರೆಯುತ್ತದೆ. ಈಗ ಮುಚ್ಚಿದೆಯೋ ತೆರೆದಿದೆಯೋ ಎಂದು ತಿಳಿಯಲು ಸದ್ದೇ ಬೇಕು. ಕಣ್ಣಿದ್ದವರಿಗೆ ಪರದೆಯ ಮೂಲೆಯಲ್ಲಿ ಕಾಣುತ್ತದಂತೆ. ಬಾಯಿಬಡುಕನನ್ನು ಕೊಂದು ಮತ್ತೆ ಎಬ್ಬಿಸಿದಳು. ಕಂಪ್ಯೂಟರನ್ನೇ ಆರಿಸಿ ಮತ್ತೆ ಹಚ್ಚಿದಳು. ಫ್ಯಾನು ತಿರುಗಿತು, ಅಷ್ಟೇ.

ಆಮೇಲೆ ಅವಳಿಗೆ ತೋಚಲಿಲ್ಲ. ಕೈ ಎರಡನ್ನೂ ಕೀಲಿಮಣೆಯ ಮೇಲಿಟ್ಟು ಕೂತಳು. ಮೇಜಿನಾಚೆ ಅಮ್ಮನ ಬೆತ್ತದ ಕುರ್ಚಿ. ಕೊನೆಯ ವರ್ಷಗಳಲ್ಲಿ ಅಮ್ಮನಿಗೆ ಕಿವಿ ಮಂದವಾಗಿತ್ತು, ಕಣ್ಣೂ ಪತ್ರಿಕೆಯ ಸಣ್ಣ ಅಕ್ಷರಕ್ಕೆ ಸೋತಿತ್ತು. ಅವಳಿಗೊಂದು ಜೊತೆ ಶ್ರವಣಯಂತ್ರ ತಂದಾಗ, ಅಂಗಡಿಯವನು ಅದನ್ನು ತಂತಿಯಿಲ್ಲದೆ ಕಂಪ್ಯೂಟರಿಗೂ ಜೋಡಿಸಿಕೊಟ್ಟಿದ್ದ. ಅದನ್ನು ಹಾಕಿಕೊಂಡರೆ ಬಾಯಿಬಡುಕನ ಮಾತು ನೇರ ಅಮ್ಮನ ಕಿವಿಗೆ. ದಿನಾ ಸಂಜೆ ಪುಟ್ಟಿ ಅವನ ವೇಗ ತಗ್ಗಿಸಿ ಅಮ್ಮನಿಗೆ ಪತ್ರಿಕೆ ಓದಿಸುತ್ತಿದ್ದಳು. ಆಗ ಪುಟ್ಟಿಗೆ ಏನೂ ಕೇಳುತ್ತಿರಲಿಲ್ಲ. ಒಂದು ಸಾಲು ಮುಗಿದಾಗ ಅಮ್ಮ "ಹ್ಞೂಂ" ಅನ್ನುವಳು, ಪುಟ್ಟಿ ಮುಂದಿನ ಸಾಲಿಗೆ ಕೀಲಿ ಒತ್ತುವಳು. ಆ "ಹ್ಞೂಂ"ನಲ್ಲೇ ಸುದ್ದಿ ಒಳ್ಳೆಯದೋ ಕೆಟ್ಟದೋ ಗೊತ್ತಾಗುತ್ತಿತ್ತು. ಕೊನೆಗೆ ಆ ಯಂತ್ರ ಹಾಕಿಕೊಂಡೇ ಅಮ್ಮ ಆಸ್ಪತ್ರೆಗೆ ಹೋದಳು. ಅದೇನಾಯಿತೆಂದು ಪುಟ್ಟಿ ಯಾರನ್ನೂ ಕೇಳಲಿಲ್ಲ, ಅಮ್ಮನ ಜೊತೆಗೇ ಹೋಯಿತು ಎಂದುಕೊಂಡಿದ್ದಳು.

ಅವಳಿಗೆ ಅಳು ಉಕ್ಕಿ ಬಂತು. ಸ್ಪೀಕರಿಗಾಗಿ ಅಲ್ಲ, ಅಲ್ಲವೇ ಅಲ್ಲ. ತಲೆ ತಗ್ಗಿಸಿ, ಸದ್ದಾಗದಂತೆ ಅತ್ತಳು.

ಆದರೆ ಟಕಟಕ ನಿಂತದ್ದು ಅತ್ತಿಗೆಗೆ ಕೇಳಿಸಿಬಿಟ್ಟಿತ್ತು. ಬಾಗಿಲ ಬಳಿ ಚಪ್ಪಲಿಯ ಸಪ್ಪಳ ಬಂದು ನಿಂತಿತು.

"ಏನಾಯ್ತೇ?"

ಸುಳ್ಳು ಹೇಳುವ ಶಕ್ತಿ ಉಳಿದಿರಲಿಲ್ಲ. "ಸದ್ದು ಬರ್ತಿಲ್ಲ ಅತ್ತಿಗೆ. ಬೆಳಿಗ್ಗೆಯಿಂದ."

ಈಗ ಅತ್ತಿಗೆ ಅಣ್ಣನ ಮಾತನ್ನೇ ಆಡುತ್ತಾಳೆ ಎಂದು ಪುಟ್ಟಿ ಕಾದಳು. ಅತ್ತಿಗೆ ಆಡಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. ಅವಳ ಕೈಯಿಂದ ಸಾಬೂನಿನ ವಾಸನೆ ಬರುತ್ತಿತ್ತು.

"ನಂಗೆ ಈ ಪೆಟ್ಟಿಗೆ ವಿಷಯ ಏನೂ ಗೊತ್ತಿಲ್ಲಪ್ಪ. ಓದು ಅಂದ್ರೆ ಓದ್ತೀನಿ. ಎಲ್ಲಿ ನೋಡ್ಲಿ?"

"ಕೆಳಗಡೆ ಬಲಗಡೆ ಮೂಲೇಲಿ, ಗಡಿಯಾರದ ಪಕ್ಕ. ಸ್ಪೀಕರಿನ ಚಿಕ್ಕ ಚಿತ್ರ ಇರುತ್ತೆ. ಅದರ ಮೇಲೆ ಅಡ್ಡಗೆರೆ ಏನಾದ್ರೂ ಇದೆಯಾ?"

"ಚಿತ್ರ ಇದೆ. ಗೆರೆ ಇಲ್ಲ."

"ಇಲ್ವಾ? ಸರಿಯಾಗಿ ನೋಡಿ."

"ಕನ್ನಡಕ ಹಾಕ್ಕೊಂಡೇ ನೋಡ್ತಿದ್ದೀನಿ ತಾಯಿ. ಇಲ್ಲ."

"ಹಾಗಾದ್ರೆ ಮೌಸಿನ ಬಾಣ ಅದರ ಮೇಲೆ ತಂದು ಒಂದ್ಸಲ ಒತ್ತಿ. ಏನು ಬರುತ್ತೆ ಹೇಳಿ."

ಅತ್ತಿಗೆ ಬಾಣವನ್ನು ಅಟ್ಟಿಸಿಕೊಂಡು ಹೋದಳು. "ನಿಲ್ಲಲ್ವಲ್ಲ ಇದು... ಹಾಂ, ಸಿಕ್ತು. ಒಂದು ಉದ್ದದ ಪಟ್ಟಿ ಬಂತು. ನೂರು ಅಂತಿದೆ."

"ಸದ್ದು ಪೂರ್ತಿ ಇದೆ." ಪುಟ್ಟಿಗೆ ತಲೆಬುಡ ಅರ್ಥವಾಗಲಿಲ್ಲ. ಸದ್ದು ನೂರು. ಬಾಯಿ ತೆರೆದೇ ಇದೆ. ಮಾತೂ ಆಡುತ್ತಿದ್ದಾನೆ ಹಾಗಾದರೆ. ಯಾರ ಹತ್ತಿರ? "ಅತ್ತಿಗೆ, ಆ ಪಟ್ಟಿ ಮೇಲೆ ಏನೋ ಹೆಸರು ಬರೆದಿರುತ್ತೆ. ಸದ್ದು ಯಾವ ಕಡೆ ಹೋಗ್ತಿದೆ ಅಂತ. ಏನು ಬರ್ದಿದೆ?"

ಮೌಸು ಕೈಬಿಟ್ಟ ಸದ್ದಾಯಿತು.

"ಅತ್ತಿಗೆ?"

"ಅಮ್ಮ ಅಂತ ಬರ್ದಿದೆ," ಎಂದಳು ಅತ್ತಿಗೆ.

ಶ್ರವಣಯಂತ್ರವನ್ನು ಕಂಪ್ಯೂಟರಿಗೆ ಜೋಡಿಸಿದ ದಿನ ಅಂಗಡಿಯವನು ಇದಕ್ಕೇನು ಹೆಸರು ಕೊಡಲಿ ಎಂದು ಕೇಳಿದ್ದ. "ಅಮ್ಮ ಅಂತ ಹಾಕಪ್ಪ, ಇನ್ನೇನು ಹಾಕ್ತೀಯ," ಎಂದು ಅಮ್ಮ ನಕ್ಕಿದ್ದಳು.

"ಅಮ್ಮನ ಕಿವಿಯದು," ಎಂದಳು ಪುಟ್ಟಿ. ಧ್ವನಿ ಅವಳದೆಂದು ಅವಳಿಗೇ ಅನ್ನಿಸಲಿಲ್ಲ. "ಅದು ಎಲ್ಲಿದೆ ಅತ್ತಿಗೆ?"

"ಅಯ್ಯೋ ದೇವರೇ. ಆಸ್ಪತ್ರೆಯವ್ರು ಕೊಟ್ಟ ಚೀಲದಲ್ಲಿತ್ತು ಕಣೇ. ಯಾರಿಗಾದ್ರೂ ಉಪಯೋಗ ಆಗ್ಲಿ, ಕೆಲ್ಸ ಮಾಡತ್ತಾ ನೋಡೋಣ ಅಂತ ನಿನ್ನೆ ಅದರ ಡಬ್ಬೀಲಿಟ್ಟು ಚಾರ್ಜಿಗೆ ಹಾಕಿದ್ದೆ. ಬೆಳಿಗ್ಗೆ ತೆಗ್ದು, ಒರೆಸಿ, ಕರ್ಚೀಫಲ್ಲಿ ಸುತ್ತಿ ಡ್ರಾಯರಲ್ಲಿಟ್ಟೆ."

ಡಬ್ಬಿಯಿಂದ ಹೊರಗೆ ತೆಗೆದರೆ ಆ ಯಂತ್ರ ತಾನಾಗಿ ಎಚ್ಚರಗೊಳ್ಳುತ್ತದೆ. ಎಚ್ಚರಗೊಂಡರೆ ಕಂಪ್ಯೂಟರನ್ನು ಹುಡುಕಿ ಕೂಡಿಕೊಳ್ಳುತ್ತದೆ. ಅಮ್ಮ ದಿನಾ ಬೆಳಿಗ್ಗೆ ಎದ್ದು ಹಾಕಿಕೊಂಡಾಗ ಆಗುತ್ತಿದ್ದದ್ದೂ ಅದೇ, ಪುಟ್ಟಿ ಕೆಲಸಕ್ಕೆ ಕೂರುವಾಗ ಅದನ್ನು ಬಿಡಿಸಿಕೊಳ್ಳುತ್ತಿದ್ದಳು.

ಇಬ್ಬರೂ ಅಮ್ಮನ ಕೋಣೆಗೆ ಹೋದರು. ಅತ್ತಿಗೆ ಡ್ರಾಯರು ಎಳೆದಳು. ಬಟ್ಟೆಯ ಮಡಿಕೆಗಳ ನಡುವಿನಿಂದ ಸಣ್ಣಗೆ, ಗಾಜಿನ ಮೇಲೆ ಇರುವೆ ಹರಿದಷ್ಟು ಸಣ್ಣಗೆ, ಚುರುಚುರು ಸದ್ದು. ಪುಟ್ಟಿ ಬಗ್ಗಿ ಕಿವಿಗೊಟ್ಟಳು. ಬಾಯಿಬಡುಕ ಪರದೆಯ ಮೇಲಿದ್ದದ್ದನ್ನು ಓದುತ್ತಿದ್ದ. ಬೆಳಿಗ್ಗೆಯಿಂದ ಅವಳು ಒತ್ತಿದ ಒಂದೊಂದು ಅಕ್ಷರವನ್ನೂ, ಅತ್ತಿಗೆಯನ್ನು ನಂಬಿಸಲು ಒತ್ತಿದ ಸುಳ್ಳು ಅಕ್ಷರಗಳನ್ನೂ ಸೇರಿಸಿ, ಅವನು ಈ ಡ್ರಾಯರಿನೊಳಗೆ ಅಮ್ಮನಿಗೆ ಹೇಳುತ್ತಲೇ ಇದ್ದ. ಕೇಳುವವಳಿರಲಿಲ್ಲ. ಅವನಿಗೇನು ಗೊತ್ತು!

ಅತ್ತಿಗೆ ಬಿಕ್ಕಿದಳು. ಸಾವಾದ ದಿನದಿಂದ ಅವಳು ಅತ್ತದ್ದನ್ನು ಪುಟ್ಟಿ ಕೇಳಿರಲಿಲ್ಲ. "ನಾನು ಒರೆಸ್ತಾ ಕೂತಿದ್ದೆ ಕಣೇ. ಇಷ್ಟು ಸಣ್ಣಗೆ ಮಾತಾಡ್ತಿತ್ತು, ನಂಗೆ ಕೇಳಿಸ್ಲೇ ಇಲ್ಲ," ಎಂದಳು. ಪುಟ್ಟಿ ಅವಳ ಬೆನ್ನು ಸವರಿದಳು. ಮೂಗು ಒರೆಸಿಕೊಂಡು ಅತ್ತಿಗೆ ಕೇಳಿದಳು, "ಈಗೇನು ಮಾಡ್ಬೇಕು?"

"ಡಬ್ಬೀಲಿ ಹಾಕಿ ಮುಚ್ಚಳ ಮುಚ್ಚಿದ್ರೆ ಸಾಕು. ಸದ್ದು ಈ ಕಡೆ ಬರುತ್ತೆ."

"ಡಬ್ಬಿ ಎಲ್ಲಿಟ್ನೋ ನೋಡ್ತೀನಿ. ನೀನು ಹೋಗಿ ಕೂತ್ಕೋ."

ಪುಟ್ಟಿ ಹೋಗಿ ಕೂತಳು. ಒಳಗೆ ಅತ್ತಿಗೆ ಡಬ್ಬಿ ಹುಡುಕುತ್ತಿದ್ದ ಸದ್ದು. ಡಬ್ಬಿ ಸಿಕ್ಕರೆ ಮುಗಿಯಿತು, ಮುಚ್ಚಳ ಬಿದ್ದರೆ ಆ ದಾರಿಯೂ ಮುಚ್ಚಿತು. ಇನ್ನು ಸ್ವಲ್ಪ ಹೊತ್ತು ಮಾತ್ರ ಇಲ್ಲಿ ಒತ್ತಿದ್ದು ಅಮ್ಮನ ಕಡೆಗೆ ಹೋಗುತ್ತದೆ. ಹುಚ್ಚುತನ ಎಂದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಬಾಯಿಬಡುಕನ ವೇಗವನ್ನು ಅಮ್ಮನಿಗೆ ಹಿತವಾಗುವಷ್ಟು ತಗ್ಗಿಸಿದಳು. ಖಾಲಿ ಹಾಳೆಯೊಂದನ್ನು ತೆರೆದು ಎರಡು ಸಾಲು ಟೈಪ್ ಮಾಡಿದಳು. ಬೆರಳು ತಪ್ಪಲಿಲ್ಲ. ಮೊದಲ ಸಾಲಿಗೆ ಹಿಂದಿರುಗಿ, ಓದಿಸುವ ಕೀಲಿ ಒತ್ತಿದಳು.

ಕೋಣೆ ನಿಶ್ಶಬ್ದ. ಒಳಗೆ ಹುಡುಕುತ್ತಿದ್ದ ಸದ್ದೂ ನಿಂತಿತ್ತು. ರೂಢಿಯಂತೆ ಅವಳು ಕಾದಳು. ಯಾತಕ್ಕೆ ಕಾಯುತ್ತಿದ್ದೇನೆ ಎಂದು ಹೊಳೆದು, ಕೈ ಹಿಂದೆಗೆಯುವಷ್ಟರಲ್ಲಿ ಬಾಗಿಲ ಬಳಿಯಿಂದ ಬಂತು.

"ಹ್ಞೂಂ."

ಗದ್ಗದ ಕಂಠ, ಅತ್ತಿಗೆಯದು. ಯಂತ್ರ ಅವಳ ಕೈಯಲ್ಲೇ ಇತ್ತಲ್ಲ, ಕಿವಿಗೆ ಹಿಡಿದಿದ್ದಳು. ಕೇಳಬಾರದವರು ಕೇಳಿಸಿಕೊಂಡರು ಎಂದು ಪುಟ್ಟಿಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಎದ್ದು ಹೋಗಬಹುದಿತ್ತು. ಹಾಳೆ ಅಳಿಸಬಹುದಿತ್ತು. ಬೆರಳು ಹೋಗಿ ಎರಡನೆಯ ಸಾಲನ್ನು ಒತ್ತಿತು.

ಈ ಸಲ ಸ್ವಲ್ಪ ತಡವಾಯಿತು. "ಹ್ಞೂಂ," ಎಂದಳು ಅತ್ತಿಗೆ.

ಡಬ್ಬಿಯ ಮುಚ್ಚಳ ಟಕ್ ಎಂದು ಬಿತ್ತು. ಅದರ ಹಿಂದೆಯೇ, ಬೆಳಿಗ್ಗೆಯಿಂದ ಸತ್ತಂತಿದ್ದ ಸ್ಪೀಕರಿನಿಂದ ಬಾಯಿಬಡುಕ ಇಡೀ ಮನೆಗೆ ಕೇಳುವ ಹಾಗೆ ಮಾತಾಡಿದ, ಅಮ್ಮನಿಗೆಂದು ತಗ್ಗಿಸಿದ ಅದೇ ನಿಧಾನದ ವೇಗದಲ್ಲಿ. ಅತ್ತಿಗೆ ಚಹಾ ತಂದಿಟ್ಟಳು. ಪುಟ್ಟಿ ವೇಗ ಏರಿಸಿಕೊಂಡು, ಬಾಕಿ ಇದ್ದದ್ದನ್ನು ಕೇಳಿ ತಿದ್ದಿ ಕಳಿಸಿದಳು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಣ್ಣ ಬಂದ. ಮೆಟ್ಟಿಲ ಮೇಲಿನ ಹೆಜ್ಜೆ ದಣಿದಿತ್ತು. ಚಪ್ಪಲಿ ಬಿಡುತ್ತಲೇ ಹೆಂಡತಿಯನ್ನು ಕೇಳಿದ, "ಪುಟ್ಟಿ ಬಟ್ಟೆಬರೆ ಎಲ್ಲ ಕಟ್ಟಿ ಆಯ್ತಾ?" ಪುಟ್ಟಿ ಎದುರಿಗೇ ಕೂತಿದ್ದಳು.

"ಅವಳು ಬರಲ್ಲ ಕಣ್ರೀ. ಇಲ್ಲೇ ಇರ್ತಾಳೆ," ಎಂದಳು ಅತ್ತಿಗೆ.

"ಯಾರು ಹೇಳಿದ್ದು? ನನ್ನ ಹತ್ರ ಹೇಳ್ಲೇ ಇಲ್ವಲ್ಲ."

"ಅಮ್ಮನ ಹತ್ರ ಹೇಳಿದ್ಲು. ನಾನು ಕೇಳಿಸ್ಕೊಂಡೆ."

ಅಣ್ಣನಿಗೆ ಅರ್ಥವಾಗಲಿಲ್ಲ. ಆಗುವಂತಿರಲಿಲ್ಲ. "ಏನು ಮಾತು ಅಂತ ಆಡ್ತೀಯ?" ಎಂದು ರೇಗಿದ. "ಆ ಪೆಟ್ಟಿಗೆ ಸುಮ್ನಾದ್ರೆ ಯಾರನ್ನ ಕರೀತಾಳೆ ಅಂತ ಕೇಳ್ದೆನಲ್ಲ ನಿನ್ನೆ?"

"ಸುಮ್ನಾಗಿತ್ತು, ಬೆಳಿಗ್ಗೆಯಿಂದ. ಸರಿಮಾಡಿದ್ಲು. ಎಲ್ಲಿ ನೋಡ್ಬೇಕು ಅಂತ ಅವಳು ಹೇಳಿದ್ಲು, ನಾನು ಬರೀ ಓದ್ದೆ. ಅಷ್ಟು ಓದೋಕೆ ಕೆಳಗಿನ ಮನೆಯವ್ರಿಗೂ ಕಣ್ಣಿದೆ." ಪುಟ್ಟಿಯ ಕಡೆ ತಿರುಗಿ ಹೇಳಿದಳು, "ಅಮ್ಮನಿಗೆ ಏನು ಹೇಳ್ದೆ ಅಂತ ನಿಮ್ಮಣ್ಣನಿಗೂ ಓದಿಸು ಪುಟ್ಟಿ. ನಾನು ದಾಟಿಸ್ಬಹುದು, ಆದ್ರೆ ಸರಿಹೋಗಲ್ಲ."

ಪುಟ್ಟಿ ಕೀಲಿಮಣೆಯ ಮೇಲೆ ಕೈ ಇಟ್ಟಳು. ಹಾಳೆ ಅಲ್ಲೇ ಇತ್ತು, ಅಳಿಸಿರಲಿಲ್ಲ. ಆಮೇಲೆ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಅಣ್ಣ ನಿಂತಿದ್ದ ಕಡೆಗೆ ಮುಖ ತಿರುಗಿಸಿ, ಆ ಎರಡು ಸಾಲನ್ನು ತನ್ನ ಬಾಯಿಂದಲೇ ಹೇಳಿದಳು.

"ಅಮ್ಮ, ನಾನು ಈ ಮನೆಯಲ್ಲೇ ಇರ್ತೀನಿ, ನಂಗೆ ಇಲ್ಲಿ ಭಯ ಇಲ್ಲ. ಅಣ್ಣನಿಗೆ ಬೇಜಾರಾಗದ ಹಾಗೆ ನೀನೇ ಹೇಳು."

ಅಮ್ಮನ ಬೆತ್ತದ ಕುರ್ಚಿ ಕಿರುಗುಟ್ಟಿತು. ಅಣ್ಣ ಅದರಲ್ಲಿ ಕೂತಿದ್ದ. ಮೂಗೆಳೆದುಕೊಂಡ ಸದ್ದು ಬಂತು, ಗಂಟಲು ಸರಿಮಾಡಿಕೊಂಡ ಸದ್ದು ಬಂತು. ಪುಟ್ಟಿ ಕಾಯುತ್ತಿದ್ದಳು.

"ಹ್ಞೂಂ," ಎಂದ ಅಣ್ಣ.